ಅಡುಗೆಮನೆಯ ಮೂಲಕ ಹೋಗುವ ಹಾದಿ

ಭಾವ ತೀರಿಕೊಂಡ ಸುದ್ದಿ ಬಂದ ದಿನ, ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಿಂದ ಮೂವತ್ತೊಂದು ವರ್ಷಗಳಲ್ಲೇ ಮೊದಲ ಬಾರಿಗೆ ಒಂದು ತಪ್ಪು ಉತ್ತರ ಹೊರಬಿತ್ತು. ಕಿಟಕಿಯೊಳಗಿನ ಗುಮಾಸ್ತರು ಫೋನನ್ನು ಕೆಳಗಿಟ್ಟು, ಎದುರಿಗೆ ಕಾಯುತ್ತಿದ್ದ ಮದುವೆಯ ಗುಂಪಿಗೆ ‘ನಾಲ್ಕನೇ ಅಂಕಣ’ ಎಂದರು. ಹೇಳಬೇಕಾಗಿದ್ದದ್ದು ಒಂಬತ್ತು. ಬೆಟ್ಟದ ಕಡೆ ಹೋಗಬೇಕಾಗಿದ್ದ ಹನ್ನೊಂದು ಜನ, ಹೂವಿನ ಬುಟ್ಟಿಯ ಸಮೇತ, ಸಮುದ್ರದ ಕಡೆಗೆ ಹೋಗಿಬಿಟ್ಟರು. ದೇವರು ಕರುಣಾಮಯಿ, ಮದುವೆ ಅವರಿಲ್ಲದೆಯೂ ನಡೆಯಿತು.

ಊರೆಲ್ಲ ಅವರನ್ನು ‘ವಿಚಾರಣೆಯವರು’ ಎಂದೇ ಕರೆಯುತ್ತಿತ್ತು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಎಲ್ಲಿ ಇಳಿದು ಯಾವುದನ್ನು ಹಿಡಿಯಬೇಕು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ತಾವು ಮಾತ್ರ ಎಲ್ಲಿಗೂ ಹೋದವರಲ್ಲ; ಬಸ್ಸು ಹತ್ತಿದರೆ ಅವರಿಗೆ ಹೊಟ್ಟೆ ತೊಳೆಸುತ್ತಿತ್ತು. ಆದರೆ ಆ ಕಿಟಕಿ ಅವರಿಗೊಂದು ಚಟ ಅಂಟಿಸಿತ್ತು. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ಕನ್ನಡಕ ಎಲ್ಲಿಟ್ಟೆನಪ್ಪಾ ಎಂದು ತನ್ನಷ್ಟಕ್ಕೆ ಗೊಣಗಿಕೊಂಡರೂ ಇವರು ಪತ್ರಿಕೆಯಿಂದ ತಲೆ ಎತ್ತದೆ, ಎರಡನೇ ಕಪಾಟು, ಎಡಗಡೆ ಎಂದುಬಿಡುತ್ತಿದ್ದರು. ಅಲ್ಲಿ ಕನ್ನಡಕ ಎಂದೂ ಸಿಕ್ಕಿದ್ದಿಲ್ಲ.

ಭಾವ ಎಂದರೆ ಅವರ ಅಕ್ಕನ ಗಂಡ. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಮಿಕ್ಕ ಹೊತ್ತೆಲ್ಲ ಉದ್ದಹಾದಿಗೆ ಮೀಸಲು. ಉದ್ದಹಾದಿ ಬೆಟ್ಟಸಾಲಿನ ನೆತ್ತಿಯಿಂದ ಹೊರಟು ಸಮುದ್ರ ಮುಟ್ಟುವ ಕಾಲುಹಾದಿ. ಗಟ್ಟಿ ಕಾಲಿನವರಿಗೆ ಇಪ್ಪತ್ತೆರಡು ದಿನದ ನಡಿಗೆ. ಕಲ್ಲು, ಮರ, ಮೋಟುಗೋಡೆ, ಸಿಕ್ಕಿದ್ದರ ಮೇಲೆ ಸೊಂಟದ ಎತ್ತರಕ್ಕೆ ಅಂಗೈಯಗಲದ ಹಳದಿ ಪಟ್ಟೆ ಬಳಿಯುವುದು, ಮಳೆಗೆ ಮಾಸಿದ್ದನ್ನು ಮತ್ತೆ ಬಳಿಯುವುದು ಭಾವನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ. ನಮಗೆ ಸಿಕ್ಕಿದ ಹಾದಿ ಮೊಮ್ಮಕ್ಕಳಿಗೂ ಸಿಗಲಿ ಎನ್ನುತ್ತಿದ್ದರು, ಅವರಿಗೆ ಮೊಮ್ಮಕ್ಕಳಿರಲಿಲ್ಲ. ಆ ದಿನ ಬೆಟ್ಟದ ಮೊದಲ ತಿರುವಿನಾಚೆ ಒಂದು ಬಂಡೆಗೆ ಒರಗಿ ಕುಳಿತಿದ್ದರಂತೆ. ಕುಂಚ ಕೈಯಲ್ಲೇ ಇತ್ತು, ಬಂಡೆಯ ಮೇಲೆ ಪಟ್ಟೆ ಅರ್ಧ ಆಗಿತ್ತು. ನಡೆದು ಬಂದ ಇಬ್ಬರು, ಪಾಪ ನಿದ್ದೆ ಹೋಗಿದ್ದಾರೆ ಎಂದು ಸದ್ದು ಮಾಡದೆ ದಾಟಿ ಹೋದರು. ಹಿಂದಿರುಗಿ ಬರುವಾಗಲೂ ಅದೇ ಭಂಗಿ ಕಂಡಿತು. ಆಗ ಹತ್ತಿರ ಹೋಗಿ ನೋಡಿದರು.

ಎಲ್ಲ ಮುಗಿದ ಮೇಲೆ ಅಕ್ಕನ ನಡುಮನೆಯಲ್ಲಿ ಜನ ಸುಮ್ಮನೆ ಕೂತಿದ್ದರು. ಔಷಧಿ ಅಂಗಡಿಯವರು, ಅವರೇ ನಡಿಗೆ ಸಂಘದ ಕಾರ್ಯದರ್ಶಿಯೂ ಹೌದು, ಕೈ ಹಿಸುಕಿಕೊಳ್ಳುತ್ತ ಒಂದು ಸಂಗತಿ ಹೇಳಿದರು. ಉದ್ದಹಾದಿಯನ್ನು ಸರಕಾರದ ಕಾಯ್ದಿಟ್ಟ ಹಾದಿಗಳ ಪುಸ್ತಕದಲ್ಲಿ ಸೇರಿಸಬೇಕು ಎಂದು ಭಾವ ಅರ್ಜಿ ಹಾಕಿದ್ದರು. ಸೇರಿದರೆ ಇನ್ನು ಮುಂದೆ ಯಾರೂ ಅದಕ್ಕೆ ಬೇಲಿ ಹಾಕುವ ಹಾಗಿಲ್ಲ. ಸೇರದಿದ್ದರೆ ನದಿಯಾಚೆಯ ಭಾಗವನ್ನು ಕಲ್ಲುಗಣಿಯವರು ಈ ವರ್ಷವೇ ನುಂಗುತ್ತಾರೆ. ಹದಿನೈದು ದಿನಕ್ಕೆ ತಪಾಸಣೆ. ಬೆಟ್ಟದಿಂದ ಊರಂಚಿನ ನೀರಿನ ತೊಟ್ಟಿಯವರೆಗೆ ಪಟ್ಟೆಗಳಿವೆ. ಊರು ದಾಟಿದ ಮೇಲೆ ನದಿದಂಡೆಯಿಂದ ಸಮುದ್ರದವರೆಗೂ ಇವೆ. ನಡುವೆ, ಊರೊಳಗೆ, ಕಟ್ಟಡಗಳು ಎದ್ದು ಹಾದಿಯೇ ಅಳಿಸಿಹೋಗಿದೆ. ಕಾನೂನಿನ ಪ್ರಕಾರ ನಡುವೆ ಕಡಿದ ಹಾದಿ ಹಾದಿಯಲ್ಲ. ಈ ತಿಂಗಳು ಊರೊಳಗಿನದನ್ನು ಬಳಿದುಬಿಡುತ್ತೇನೆ, ನನಗೆ ಅದು ಗೊತ್ತು ಎಂದಿದ್ದರು ಭಾವ. ಎಲ್ಲಿಯೂ ಬರೆದಿಟ್ಟಿಲ್ಲ.

“ಈಗ ಅದು ಯಾರಿಗೆ ಗೊತ್ತಿದೆ?” ಎಂದರು ಕಾರ್ಯದರ್ಶಿ.

ಅವರು ಯಾರನ್ನೂ ಕೇಳಿದ್ದಲ್ಲ, ದೇವರನ್ನು ಕೇಳಿದ್ದು. ಆದರೆ ಅದು ಪ್ರಶ್ನೆಯಾಗಿತ್ತು. ಮೂವತ್ತೊಂದು ವರ್ಷದ ಅಭ್ಯಾಸ ಗಂಟಲಿನಿಂದ ತಾನಾಗಿ ಮೇಲೆದ್ದಿತು.

“ನನಗೆ ಗೊತ್ತು,” ಎಂದರು ವಿಚಾರಣೆಯವರು. “ಭಾವನ ಜೊತೆ ನಡೆದಿದೀನಲ್ಲ.”

ಜೊತೆ ನಡೆದದ್ದು ಸುಳ್ಳಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಭಾವನ ಜೊತೆ ಹೊರಟಿದ್ದರು. ಬೆಟ್ಟದ ಮೊದಲ ತಿರುವಿನಲ್ಲಿ ಬೂಟು ಕಚ್ಚಿ, ಏದುಸಿರು ಹತ್ತಿ, ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕುಳಿತು ವಾಪಸು ಬಂದಿದ್ದರು. ಆಮೇಲೆ ಕಿಟಕಿಯೆದುರಿನ ಪ್ರಯಾಣಿಕರಿಗೆ ಆ ನಡಿಗೆಯ ಕತೆ ಹೇಳುತ್ತ ಹೇಳುತ್ತ ತಿರುವು ಹಿಂದಕ್ಕೆ ಸರಿದು, ಸಮುದ್ರ ಹತ್ತಿರ ಬಂದಿತ್ತು. ಭಾವ ಒಮ್ಮೆಯೂ ಅಲ್ಲಗಳೆಯಲಿಲ್ಲ.

ಮೂಲೆಯಲ್ಲಿ ಕೂತಿದ್ದ ಅಕ್ಕ ತಲೆ ಎತ್ತಿ ತಮ್ಮನನ್ನು ನೋಡಿದರು. ಬೆಳಗಿನಿಂದ ಆ ಮುಖದಲ್ಲಿ ಕಂಡ ಮೊದಲ ಜೀವಕಳೆ ಅದು. ಅದನ್ನು ಕಂಡ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಯಾವ ಮನುಷ್ಯನಿಂದ ಸಾಧ್ಯ? ಅಕ್ಕ ಒಳಗೆ ಹೋಗಿ ಭಾವನ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ತಂದು ತಮ್ಮನ ಕೈಗಿಟ್ಟರು. ಡಬ್ಬಿಯ ತಳಕ್ಕೆ ಒಂದು ಹಳೆಯ ಬಟ್ಟೆ ಸುತ್ತಿತ್ತು. ಪೂಜ್ಯ ವಸ್ತುವೆಂದು ಭಾವಿಸಿ ವಿಚಾರಣೆಯವರು ಅದನ್ನು ಬಿಚ್ಚಿ ಮಡಚಿ ಜೇಬಿನಲ್ಲಿಟ್ಟುಕೊಂಡರು.

ನಾಲ್ಕು ದಿನ ರಜೆ ಹಾಕಿ ಊರೆಲ್ಲ ಅಲೆದರು. ನೀರಿನ ತೊಟ್ಟಿಯ ಬಳಿ ನಿಂತು ಗಾಳಿಯ ದಿಕ್ಕು ನೋಡಿದರು. ಬಸ್ಸುಗಳ ನಕ್ಷೆ ಹರಡಿಕೊಂಡು ಕೂತರು. ನಕ್ಷೆಯಲ್ಲಿ ಡಿಪೋ ಇತ್ತು, ಹಾದಿಯಿರಲಿಲ್ಲ. ಹೆಂಡತಿ ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಆಕೆಗೆ ಗೊತ್ತಿತ್ತು.

ಐದನೆಯ ಬೆಳಿಗ್ಗೆ ಮಂಜು ಬಿದ್ದಿತ್ತು. ಬೀದಿ ಇನ್ನೂ ಯಾರದ್ದೂ ಆಗಿರಲಿಲ್ಲ. ಅಕ್ಕನ ಮನೆಯ ಮೆಟ್ಟಿಲ ಮೇಲೆ ಸೋತು ಕೂತ ವಿಚಾರಣೆಯವರಿಗೆ ತಮ್ಮ ಎರಡು ಪಾದಗಳ ನಡುವೆ ಒಂದು ಹಳದಿ ಹನಿ ಕಾಣಿಸಿತು. ಒಂದು ಕಾಸಿನಷ್ಟು ದುಂಡಗೆ, ಕಲ್ಲಿಗೆ ಅಂಟಿಕೊಂಡಿತ್ತು. ಐದು ಹೆಜ್ಜೆ ಆಚೆ ಇನ್ನೊಂದು. ಹಿಂದಕ್ಕೆ ಹುಡುಕಿಕೊಂಡು ಹೋದರೆ ನೀರಿನ ತೊಟ್ಟಿಯ ತನಕ. ಮುಂದಕ್ಕೆ ಹೋದರೆ, ಮಂಜಿನಲ್ಲಿ ಕರಗಿದ ಬೀದಿಯ ಉದ್ದಕ್ಕೂ, ಯಾರೋ ಕೈ ಸನ್ನೆ ಮಾಡಿ ಕರೆದ ಹಾಗೆ, ಹನಿಯ ನಂತರ ಹನಿ.

ಅವರ ಕಣ್ಣು ತುಂಬಿತು. ಭಾವ ಗುರುತು ಬಿಟ್ಟು ಹೋಗಿದ್ದಾರೆ. ದೊಡ್ಡ ಪಟ್ಟೆ ಬಳಿದರೆ ಜನ ಗಲಾಟೆ ಮಾಡುತ್ತಾರೆಂದು ಗುಟ್ಟಾಗಿ ಹನಿ ಇಟ್ಟಿದ್ದಾರೆ. ಒಂದು ದಿನ ತನ್ನ ಮೈದುನ ಬಂದು ಇದನ್ನು ಓದುತ್ತಾನೆಂಬ ನಂಬಿಕೆ ಅವರಿಗಿತ್ತು.

ಆ ಬೆಳಿಗ್ಗೆ ವಿಚಾರಣೆಯವರು ನಡೆದದ್ದು ನೆಲದ ಮೇಲೋ ನಿದ್ದೆಯಲ್ಲೋ ಹೇಳುವುದು ಕಷ್ಟ. ಹನಿಗಳು ಕ್ಷೌರದ ಅಂಗಡಿಯ ಮುಂದಿನ ಬಾಗಿಲಿನಿಂದ ಒಳಗೆ ಹೋದವು. ಆ ದಿನ ಅಂಗಡಿಗೆ ರಜೆ, ಗಾಳಿಯಾಡಲೆಂದು ಬಾಗಿಲು ತೆರೆದಿತ್ತು. ಕುರ್ಚಿಯ ಪಕ್ಕ ಒಂದಿಷ್ಟು ಹನಿಗಳು ಗುಂಪುಗೂಡಿದ್ದವು; ಹಾದಿ ಇಲ್ಲಿ ಸ್ವಲ್ಪ ವಿಶ್ರಾಂತಿ ತೆಗೆದುಕೊಂಡಿದೆ ಎಂದುಕೊಂಡು ಕನ್ನಡಿಯ ಪಕ್ಕ ಒಂದು ಪಟ್ಟೆ ಬಳಿದರು. ಹಿಂಬಾಗಿಲಿನಿಂದ ಹೊರಬಿದ್ದ ಹನಿಗಳು ದರ್ಜಿಯ ಜಗಲಿ ಹತ್ತಿ ಕತ್ತರಿಸುವ ಮೇಜಿನ ಅಡಿಯಲ್ಲಿ ನುಸುಳಿದ್ದವು. ಮೇಜಿನ ಕಾಲಿಗೆ ಒಂದು ಪಟ್ಟೆ. ಅಲ್ಲಿಂದ ನಿವೃತ್ತ ಟೀಚರಮ್ಮನ ಗೇಟು, ಅಂಗಳ, ನೇರ ಅಡುಗೆಮನೆ. ಟೀಚರಮ್ಮ ಪೂಜೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಫ್ರಿಜ್ಜಿನ ಪಕ್ಕಕ್ಕೆ ಒಂದು ಪಟ್ಟೆ, ಹಿಂಬಾಗಿಲ ಚೌಕಟ್ಟಿಗೆ ಇನ್ನೊಂದು. ಮೆಟ್ಟಿಲಿಳಿದರೆ ನದಿದಂಡೆ. ಅಲ್ಲಿ ಕಲ್ಲಿನ ಮೇಲೆ ಭಾವನ ಕೈಯ ಹಳೆಯ ಪಟ್ಟೆ ಇವರಿಗಾಗಿ ಕಾದು ಕೂತಿತ್ತು. ಕಡಿದುಹೋಗಿದ್ದ ಹಾದಿ ಕೂಡಿಕೊಂಡಿತು.

ಮನೆಗೆ ಬಂದಾಗ ಪ್ಯಾಂಟಿನ ಬಲಗಾಲು ಮೊಣಕಾಲಿನಿಂದ ಕೆಳಗೆ ಹಳದಿಯಾಗಿತ್ತು. ಹೊಸ ಕೈ, ಕುಂಚ ತೊಟ್ಟಿಕ್ಕುತ್ತದೆ ಎಂದು ಹೆಂಡತಿಗೆ ವಿವರಿಸಿದರು. ಫ್ರಿಜ್ಜಿನ ಮೇಲೆ ಬಳಿದಿರಾ ಎಂದು ಆಕೆ ಎರಡು ಸಲ ಕೇಳಿದಳು. ಹಾದಿ ಪುರಾತನವಾದದ್ದು, ಫ್ರಿಜ್ಜು ಆಮೇಲೆ ಬಂದದ್ದು ಎಂದರು.

ಉದ್ದಹಾದಿಯಲ್ಲಿ ನಡೆಯುವವರು ಶ್ರದ್ಧಾವಂತ ಜನ. ಪಟ್ಟೆ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾರೆ, ಯಾಕೆ ಎಂದು ಕೇಳುವುದಿಲ್ಲ. ಮರುದಿನವೇ ಬೆನ್ನಿಗೆ ಚೀಲ ಹೊತ್ತ ಆರು ಮಂದಿ ಕ್ಷೌರದ ಅಂಗಡಿಗೆ ನುಗ್ಗಿ, ಕನ್ನಡಿಯ ಪಕ್ಕದ ಪಟ್ಟೆಗೆ ತಲೆದೂಗಿ, ಹಿಂಬಾಗಿಲಿನಿಂದ ಹೊರಟುಹೋದರು. ಕ್ಷೌರಿಕ ಅವರನ್ನು ನೋಡುತ್ತ ನಿಂತ ಹೊತ್ತಿನಲ್ಲಿ ಕುರ್ಚಿಯಲ್ಲಿದ್ದ ಬ್ಯಾಂಕ್ ಮ್ಯಾನೇಜರರ ಮೀಸೆಯ ಎಡಭಾಗ ಇಲ್ಲವಾಯಿತು. ಬಲಭಾಗವನ್ನು ಏನು ಮಾಡಬೇಕೆಂದು ಇಬ್ಬರೂ ಬಹಳ ಹೊತ್ತು ಸಮಾಲೋಚಿಸಿದರು. ಆ ಆರೂ ಮಂದಿ ದರ್ಜಿಯ ಮೇಜಿನಡಿ ಮಂಡಿಯೂರಿ ತೆವಳಿದರು. ದರ್ಜಿ ಗಾಬರಿಯಿಂದ ಕೈಗೆ ಸಿಕ್ಕವನ ಸೊಂಟದ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡ. ಭಯವಾದಾಗ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡುತ್ತದೆ.

ಟೀಚರಮ್ಮ ಅಡುಗೆಮನೆಗೆ ಬಂದಾಗ ಆರು ಜನ ಒಲೆಯ ಸುತ್ತ ನಿಂತು ಮುಂದಿನ ಪಟ್ಟೆ ಹುಡುಕುತ್ತಿದ್ದರು. ಮೂವತ್ತೈದು ವರ್ಷ ಪಾಠ ಹೇಳಿದವರು, ಹೆದರುವ ಪೈಕಿಯಲ್ಲ. ಸಾಲಾಗಿ ನಿಲ್ಲಿಸಿದರು, ಹೊರಗೆ ಕಳಿಸಿ ಕಾಲು ತೊಳೆಸಿದರು, ಕೊನೆಯಲ್ಲಿದ್ದವನಿಗೆ ಹದಿಮೂರರ ಮಗ್ಗಿ ಕೇಳಿದರು. ಅವನು ಹದಿಮೂರೆಂಟ್ಲಿಯಲ್ಲಿ ತಡವರಿಸಿದ್ದರಿಂದ ಎಲ್ಲರಿಗೂ ಹತ್ತು ನಿಮಿಷ ತಡವಾಯಿತು.

ವಾರದೊಳಗೆ ದಿನಕ್ಕೆ ನಲವತ್ತು ಜನರಾದರು. ವಿಚಾರಣೆ ಕಿಟಕಿಯ ಮುಂದೆ ಪ್ರಯಾಣಿಕರಿಗಿಂತ ಹೆಚ್ಚಾಗಿ ನೆರೆಹೊರೆಯವರು ಸಾಲುಗಟ್ಟಿದರು. ಕ್ಷೌರಿಕ ಸರದಿಯಲ್ಲಿ ನಿಂತೇ ಬಂದ. ಕೋಪ ಬಂದಿದ್ದರೂ ಶಿಸ್ತು ಬಿಡಲಿಲ್ಲ.

“ಸ್ವಾಮೀ, ನನ್ನ ತಾತ ಕಟ್ಟಿದ ಅಂಗಡಿ ಅದು. ಅದರೊಳಗೆ ಬೆಟ್ಟದಿಂದ ಸಮುದ್ರಕ್ಕೆ ಹಾದಿ ಯಾವಾಗ ಬಂತು?”

“ನಿಮ್ಮ ತಾತನಿಗಿಂತ ಮುಂಚೆ,” ಎಂದರು ವಿಚಾರಣೆಯವರು, ಕಿಟಕಿಯೊಳಗಿನಿಂದ, ಬಸ್ಸಿನ ಹೊತ್ತು ಹೇಳುವ ದನಿಯಲ್ಲೇ.

ತಪಾಸಣೆಯ ದಿನ ಸೀಮೆಎಣ್ಣೆ ಬಟ್ಟೆ ತಂದು ಎಲ್ಲರ ಕಣ್ಣೆದುರೇ ಒರೆಸಿಹಾಕ್ತೀನಿ ಎಂದು ಕ್ಷೌರಿಕ ಹೇಳಿ ಹೋದ.

ತಪಾಸಣೆಯ ಹಿಂದಿನ ದಿನ ವಿಚಾರಣೆಯವರು ಡಬ್ಬಿಯನ್ನು ಅಕ್ಕನಿಗೆ ಒಪ್ಪಿಸಲು ಹೋದರು. ಹೆಮ್ಮೆಯಿಂದ ಮೇಜಿನ ಬಿಳಿಯ ಹಾಸಿನ ಮೇಲೆ ಇಡಲು ಹೊರಟರು. ಅಕ್ಕ ಗಾಬರಿಯಿಂದ ಕೈ ಅಡ್ಡ ತಂದರು.

“ಅಲ್ಲಿ ಬೇಡ ಕಣೋ, ಅದು ಸೋರತ್ತೆ. ತಳದಲ್ಲಿ ತೂತಿದೆ. ಬೆಸುಗೆ ಹಾಕಿಸಿ ಅಂತ ಇಪ್ಪತ್ತಾರು ವರ್ಷ ಬಡ್ಕೊಂಡೆ. ಎಲ್ಲಿ ಕೇಳ್ತಾರೆ ನಿಮ್ಮ ಭಾವ. ಬಟ್ಟೆ ಸುತ್ತಿ ಕೊಟ್ಟರೂ ತೊಟ್ಟಿಕ್ಕಿಸ್ಕೊಂಡೇ ಊರೆಲ್ಲ ತಿರುಗ್ತಿದ್ರು.”

ವಿಚಾರಣೆಯವರಿಗೆ ತಾವು ಬಿಚ್ಚಿ ಜೇಬಿಗಿಟ್ಟ ಬಟ್ಟೆ ನೆನಪಾಯಿತು. ಹನಿಗಳು ಗುರುತಲ್ಲ, ಗುಟ್ಟಲ್ಲ. ಹಾದಿಯ ಕೆಲಸಕ್ಕೆ ಹೋಗುವಾಗ ಭಾವ ಗಡ್ಡ ಕೆರೆಸಿಕೊಂಡದ್ದು, ದರ್ಜಿಯ ಮೇಜಿನಡಿ ಡಬ್ಬಿ ಇಟ್ಟು ಹರಟಿದ್ದು, ಟೀಚರಮ್ಮನ ಅಡುಗೆಮನೆಯಲ್ಲಿ ಚಹಾ ಕುಡಿದದ್ದು. ಇಷ್ಟನ್ನೇ ತಾವು ಪುರಾತನ ಹಾದಿಯೆಂದು ಬಳಿದಿಟ್ಟು ಬಂದಿದ್ದರು. ಅಕ್ಕನಿಗೆ ಹೇಳಬೇಕೆಂದು ಬಾಯಿ ತೆರೆದರು. ಅಕ್ಕ ಡಬ್ಬಿಯ ತಳವನ್ನು ಬೆರಳಿನಿಂದ ಸವರುತ್ತ, ನಾಳೆ ಅವರ ಕೆಲಸ ಪೂರ್ತಿಯಾಗತ್ತೆ ಅಲ್ವಾ ಎಂದರು. ಅದೂ ಪ್ರಶ್ನೆಯೇ ಆಗಿತ್ತು. ಹೌದು ಎಂದು ಉತ್ತರ ಬಂದಿತು.

ಅಳತೆಯ ಅಧಿಕಾರಿ ಸಣ್ಣ ದೇಹದ ಹೆಂಗಸು. ಉದ್ದ ಹಿಡಿಕೆಯ ಒಂದು ಚಕ್ರವನ್ನು ನೆಲದ ಮೇಲೆ ಉರುಳಿಸುತ್ತ ಬಂದರು. ಪ್ರತಿ ಸುತ್ತಿಗೂ ಅದು ಟಕ್ ಎನ್ನುತ್ತಿತ್ತು. ನೀರಿನ ತೊಟ್ಟಿಯಿಂದ ಅವರ ಹಿಂದೆ ಇಡೀ ಬೀದಿ ಮೆರವಣಿಗೆಯಂತೆ ಹೊರಟಿತು. ಚಕ್ರ ಕ್ಷೌರದ ಅಂಗಡಿಗೆ ನುಗ್ಗಿತು, ಕುರ್ಚಿಯನ್ನು ಬಳಸಿತು, ಟಕ್ ಟಕ್ ಎಂದು ಹಿಂಬಾಗಿಲು ದಾಟಿತು. ಅಧಿಕಾರಿ ಮುಖದಲ್ಲಿ ಏನೂ ತೋರಿಸದೆ ದರ್ಜಿಯ ಮೇಜಿನಡಿ ಬಗ್ಗಿ ಹೊಕ್ಕು ಹೊರಬಂದರು. ಸೀಮೆಎಣ್ಣೆಯ ವಾಸನೆ ಹಿಂದಿನಿಂದ ಬರುತ್ತಲೇ ಇತ್ತು. ಕೊನೆಗೆ ಎಲ್ಲರೂ ಟೀಚರಮ್ಮನ ಅಡುಗೆಮನೆಯಲ್ಲಿ, ಕಾಲು ತೊಳೆದುಕೊಂಡು, ಒತ್ತೊತ್ತಾಗಿ ನಿಂತರು. ಅಧಿಕಾರಿ ಫ್ರಿಜ್ಜಿನ ಮೇಲೆ ಪುಸ್ತಕ ಬಿಡಿಸಿದರು. ಊರೊಳಗಿನ ಹಾದಿಯನ್ನು ಬಲ್ಲವರು ದೇವರ ಸಾಕ್ಷಿಯಾಗಿ ಹೇಳಿಕೆ ಕೊಡಬೇಕು ಎಂದರು.

“ಇದೇ ಹಳೆಯ ಹಾದಿ ಅಂತ ನಿಮಗೆ ಗೊತ್ತಾ?”

ಅಕ್ಕ ಕಿಟಕಿಯ ಬಳಿ ನಿಂತು ಕೈ ಮುಗಿದುಕೊಂಡಿದ್ದರು. ಹೊರಗೆ ನದಿಯ ಸದ್ದು ಕೇಳುತ್ತಿತ್ತು. ವಿಚಾರಣೆಯವರು ಅಷ್ಟೂ ಜನರ ಮುಖ ನೋಡಿದರು. ಮನುಷ್ಯರಿಗೆ ಎಂಥ ಉತ್ತರವನ್ನೂ ಕೊಡಬಹುದು. ಈಗ ಕಿಟಕಿಯ ಆಚೆ ದೇವರು ನಿಂತಿದ್ದ.

“ನನಗೆ ಗೊತ್ತಿಲ್ಲ,” ಎಂದರು.

ಅವರ ಹೆಂಡತಿ ಗೋಡೆ ಹಿಡಿದುಕೊಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವಳು ಕೇಳಿರಲಿಲ್ಲ.

ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲವೂ ಬಂತು. ಮೊದಲ ತಿರುವು, ಕಚ್ಚಿದ ಬೂಟು, ಹಾಲಿನ ವ್ಯಾನು, ತೂತು ಡಬ್ಬಿ. ಇದು ಹಾದಿಯಲ್ಲ, ನಮ್ಮ ಭಾವ ಸೋರಿದ ಜಾಗ ಅಷ್ಟೆ ಎಂದು ಹೇಳಿ ಮುಗಿಸಿ, ಕೂರಲು ಜಾಗ ಸಿಗದೆ ನೀರಿನ ಹಂಡೆಯ ಮುಚ್ಚಳದ ಮೇಲೆ ಕೂತರು. ಕಾರ್ಯದರ್ಶಿ ತಲೆಯ ಮೇಲೆ ಕೈ ಹೊತ್ತರು.

ಅಧಿಕಾರಿ ಪುಸ್ತಕ ಮುಚ್ಚಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯ ಕೆಳಗೆ ಬಗ್ಗಿ, ಅಲ್ಲಿ ಗಂಟುಗಟ್ಟಿದ್ದ ಹಳದಿಯನ್ನು ಉಗುರಿನಿಂದ ಎಬ್ಬಿಸಿದರು. ಮೇಲೆ ಹೊಸ ಹಳದಿ, ಅದರ ಕೆಳಗೆ ಮಾಸಿದ್ದು, ಅದರ ಕೆಳಗೆ ಕಂದು, ಮರದ ಕಾಂಡದ ಉಂಗುರಗಳ ಹಾಗೆ. ಇದು ಒಂದು ದಿನದ್ದಲ್ಲ ಎಂದು ಟೀಚರಮ್ಮನ ಕಡೆ ತಿರುಗಿದರು.

“ಇಪ್ಪತ್ತಾರು ವರ್ಷ,” ಎಂದರು ಟೀಚರಮ್ಮ. “ಊರಲ್ಲಿದ್ದಾಗ ದಿನಾ ನಾಲ್ಕು ಗಂಟೆಗೆ. ಒಂದು ಲೋಟ ಚಹಾ ಕುಡಿದು ಹಿಂಬಾಗಿಲಿಂದ ನದಿ ಕಡೆ ಹೋಗೋರು.”

“ನೀವು ಯಾವತ್ತಾದ್ರೂ ತಡೆದಿದ್ರಾ?”

“ಯಾಕಮ್ಮಾ ತಡೀಲಿ? ಈಗಲೂ ನಾಲ್ಕಕ್ಕೆ ಲೋಟ ತೊಳೆದಿಡ್ತೀನಿ, ಆಮೇಲೆ ನೆನಪಾಗತ್ತೆ.”

ಅಧಿಕಾರಿ ದರ್ಜಿಯನ್ನು ಕೇಳಿದರು. ಅವನೂ ಎಂದೂ ತಡೆದಿರಲಿಲ್ಲ. ತಡೆದಿದ್ದರೆ ಮಧ್ಯಾಹ್ನವೆಲ್ಲ ಯಾರ ಜೊತೆ ಮಾತಾಡುತ್ತಿದ್ದ? ಆಮೇಲೆ ಅವರು ನಿಯಮವನ್ನು ಗಟ್ಟಿಯಾಗಿ ಓದಿದರು. ಇಪ್ಪತ್ತು ವರ್ಷ ಕಾಲ ಮನುಷ್ಯರು ನಡೆದು, ಯಾರೂ ತಡೆಯದೆ ಇದ್ದ ಜಾಗ ಹಾದಿಯೇ. ಅದು ಪುರಾತನವಾಗಿರಬೇಕೆಂದಿಲ್ಲ, ಪಟ್ಟೆ ಬಳಿದವನಿಗೆ ತಿಳುವಳಿಕೆ ಇರಬೇಕೆಂದೂ ಇಲ್ಲ.

ಒಬ್ಬನೇ ನಡೆದರೂ ಆಗುತ್ತದೆಯೇ ಎಂದು ಕಾರ್ಯದರ್ಶಿ ಕೇಳಿದರು. ಎಷ್ಟು ಜನ ಎಂದು ಬರೆದಿಲ್ಲ ಎಂದರು ಅಧಿಕಾರಿ. ಆದರೆ ಒಂದು ಮಾತು ತಿಳಿದಿರಲಿ ಎಂದರು: ಮೂರೂ ಜಾಗದವರು ಸಹಿ ಹಾಕಬೇಕು. ಹಾಕಿದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಆ ಬಾಗಿಲುಗಳಿಗೆ ಬೀಗ ಹಾಕುವಂತಿಲ್ಲ. ನೀವಿರುವವರೆಗೆ ಮಾತ್ರ ಅಲ್ಲ, ನಿಮ್ಮ ನಂತರದವರಿಗೂ, ಅವರ ನಂತರದವರಿಗೂ.

ಟೀಚರಮ್ಮ ಕೆಂಪು ಶಾಯಿಯ ಪೆನ್ನಿನಿಂದ ಸಹಿ ಹಾಕಿದರು. ಕಾಲು ತೊಳೆಯುವ ಷರತ್ತನ್ನೂ ಬರೆಸಿದರು. ಮೇಜನ್ನು ಒಂದು ಮೊಳ ಸರಿಸಲು ಅನುಮತಿ ಇದೆಯೇ ಎಂದು ಕೇಳಿಕೊಂಡು ದರ್ಜಿ ಸಹಿ ಹಾಕಿದ. ಉಳಿದದ್ದು ಕ್ಷೌರಿಕ. ಸೀಮೆಎಣ್ಣೆಯ ಬಟ್ಟೆ ಅವನ ಕೈಯಲ್ಲೇ ಇತ್ತು. ಅವನ ತಾತ, ಅವನ ಅಂಗಡಿ, ಮ್ಯಾನೇಜರರ ಮೀಸೆ, ಎಲ್ಲ ಅವನ ಮುಖದಲ್ಲಿ ಬಂದು ಹೋದವು.

“ಕಡೇ ದಿನ ಗಡ್ಡ ಪೂರ್ತಿ ಮಾಡಿಸ್ಕೊಳ್ಳಲಿಲ್ಲ ಅವರು,” ಎಂದ ಕ್ಷೌರಿಕ. “ಬೆಟ್ಟದ ಮೇಲೆ ಮೋಡ ಬರ್ತಿದೆ, ಪಟ್ಟೆ ಒಣಗಬೇಕು, ನಾಳೆ ಬರ್ತೀನಿ ಅಂದ್ರು. ಹೇಗೂ ಬಾಗಿಲು ತೆಗೆದೇ ಇರ್ತೀಯಲ್ಲ ಅಂದ್ರು.” ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ ಹಿಂದಿನ ಜೇಬಿಗೆ ತುರುಕಿದ. “ಕೊಡಿ ಪೆನ್ನು.”

ಉದ್ದಹಾದಿ ಪುಸ್ತಕದಲ್ಲಿ ಸೇರಿತು. ಅದರಲ್ಲಿ ಇಂದಿಗೂ, ನಲವತ್ತನೆಯ ಪುಟದಲ್ಲಿ, ಬೆಟ್ಟ, ಕಣಿವೆ, ನದಿಗಳ ಸಾಲಿನಲ್ಲಿ ‘ಒಂದು ಅಡುಗೆಮನೆ’ ಎಂಬ ನಮೂದು ಇದೆ.

ಮರುದಿನ ಬೆಳಿಗ್ಗೆ ಅಕ್ಕ ಡಬ್ಬಿಗೆ ಬಣ್ಣ ತುಂಬಿಸಿ ತಮ್ಮನ ಕೈಗೆ ಕೊಟ್ಟರು. ವಿಚಾರಣೆಯವರು ತಲೆ ತಗ್ಗಿಸಿ, ಹಾಲಿನ ವ್ಯಾನಿನ ವಿಷಯ ನಿನಗೆ ಬೇಜಾರಾಯಿತಾ ಎಂದು ಕೇಳಿದರು.

“ಅವತ್ತು ಸಂಜೇನೇ ಹೇಳಿದ್ರು ಕಣೋ. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆಮೇಲೆ, ಯಾರಿಗೂ ಹೇಳಬೇಡ, ಒಂದಲ್ಲ ಒಂದು ದಿನ ಅವನೇ ಆ ತಿರುವು ದಾಟ್ತಾನೆ ಅಂದ್ರು.”

ವಿಚಾರಣೆಯವರು ಹೊರಟರು. ಡಬ್ಬಿಗೆ ಬೆಸುಗೆ ಹಾಕಿಸಿರಲಿಲ್ಲ. ಬೆಟ್ಟದಲ್ಲಿ ಮಂಜು ಇನ್ನೂ ಏಳುತ್ತಿತ್ತು. ಮೊದಲ ತಿರುವಿನಲ್ಲಿ ಏದುಸಿರು ಹತ್ತಿತು, ಬೂಟು ಕಚ್ಚಿತು. ಹಾಲಿನ ವ್ಯಾನು ಪಕ್ಕದಲ್ಲೇ ನಿಧಾನ ಮಾಡಿ, ಹತ್ತುತ್ತೀರಾ ಎಂದು ಕೇಳಿತು. ಅವರು ಕೈಯಾಡಿಸಿ ಕಳಿಸಿದರು. ತಿರುವಿನಾಚೆ ಹಾದಿ ಬೆಳಕಿನೊಳಗೆ ಹೋಗುತ್ತಿತ್ತು. ಅಲ್ಲಿ ಅರ್ಧ ಪಟ್ಟೆಯ ಬಂಡೆ ಇತ್ತು, ಒರಗಿ ಎದ್ದುಹೋದವರ ಬೆನ್ನಿನ ಬಿಸುಪು ಇನ್ನೂ ಉಳಿದಂತೆ. ಕುಂಚ ಅದ್ದಿ ಉಳಿದರ್ಧವನ್ನು ಬಳಿದರು. ಅಂಚು ಸ್ವಲ್ಪ ಸೊಟ್ಟಗಾಯಿತು. ಹಿಂತಿರುಗಿ ನೋಡಿದರೆ ಊರಿನಿಂದ ಬಂಡೆಯ ತನಕ, ಭಾವನ ಹಳೆಯ ಹನಿಗಳ ಪಕ್ಕದಲ್ಲಿ, ಅವರವೇ ಹೊಸ ಹನಿಗಳು.

ವಿಚಾರಣೆಯವರು ಡಬ್ಬಿ ಕೆಳಗಿಟ್ಟು ಕೈಮುಗಿದರು. ದೇವರೇ, ಮಂದಿಗೆ ದಾರಿ ತೋರಿಸಿದ ಈ ಜೀವಕ್ಕೆ ನಿನ್ನ ಕಡೆಯ ದಾರಿ ತಪ್ಪದಿರಲಿ. ಅಲ್ಲಿಯೂ ನಾಲ್ಕು ಗಂಟೆಗೆ ಯಾರದಾದರೂ ಬಾಗಿಲು ತೆರೆದಿರಲಿ, ಕಿಟಕಿಯ ಪಕ್ಕ ಒಂದು ಕುರ್ಚಿ ಖಾಲಿಯಿರಲಿ. ಡಬ್ಬಿ ಸೋರಿದರೆ ನಿನ್ನ ನೆಲ ಹಳದಿಯಾದೀತು, ಬೇಸರ ಮಾಡಿಕೊಳ್ಳಬೇಡ. ನಡೆದು ದಣಿದ ಆ ಕಾಲುಗಳಿಗೆ ವಿಶ್ರಾಂತಿ ಕೊಡು, ಆ ಆತ್ಮಕ್ಕೆ ಶಾಂತಿ ಕೊಡು.